ಹೊಸ ಲ್ಯಾಪ್‌ಟಾಪಿಗೆ ಹೊಸ ಪೋರ್ಟೇ ಬೇಕೆ?

ಲ್ಯಾಪ್‌ಟಾಪ್ ಕೊಳ್ಳಲು ಹೋದವರು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದೆಲ್ಲ ಕೇಳುತ್ತಾರೆ. ಪಕ್ಕದಲ್ಲಿರುವ ಪೋರ್ಟ್‌ಗಳ ವಿಚಾರ ಎದ್ದೇಳುವುದು ಮನೆಗೆ ತಂದ ಮೇಲೆ, ಯಾವುದೋ ಒಂದು ಕೇಬಲ್ ಹೊಂದದೆ ಹೋದಾಗ. ಹಲವು ಮಾದರಿಗಳಲ್ಲಿ ರ‍್ಯಾಮನ್ನು ಆಮೇಲೆ ಹೆಚ್ಚಿಸಿಕೊಳ್ಳಬಹುದು, ದೊಡ್ಡ ಎಸ್‌ಎಸ್‌ಡಿ ಹಾಕಿಸಬಹುದು, ಬ್ಯಾಟರಿ ಸೋತರೆ ಹೊಸದು ಕೂರಿಸಬಹುದು. ಪೋರ್ಟ್ ಮಾತ್ರ ಕೊಂಡ ದಿನ ಯಾವ ಪೀಳಿಗೆಯದೋ ಕೊನೆಯ ದಿನವೂ ಅದೇ ಪೀಳಿಗೆಯದು. ಅದರ ವೇಗ ಮದರ್‌ಬೋರ್ಡಿನ ಚಿಪ್ಪುಗಳಲ್ಲಿ, ಅದರ ಮೇಲಿನ ತಾಮ್ರದ ಗೆರೆಗಳಲ್ಲಿ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ.

ಹಾಗಿದ್ದರೆ ಹೊಸದಾಗಿ ಮಾರುಕಟ್ಟೆಗೆ ಬರುವ ಪ್ರತಿ ಲ್ಯಾಪ್‌ಟಾಪಿನಲ್ಲೂ ಆ ಹೊತ್ತಿನ ಅತಿ ಹೊಸ ಸಂಪರ್ಕ ಶಿಷ್ಟತೆಯೇ ಇರಬೇಕೆ? ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, 80 ಗಿಗಾಬಿಟ್ ವೇಗದ ಯುಎಸ್‌ಬಿ4 ಎರಡನೇ ಆವೃತ್ತಿ ಅಥವಾ ಥಂಡರ್‌ಬೋಲ್ಟ್ 5 ಇರಲೇಬೇಕೆ? ಇರಲಿ ಎನ್ನುವವರ ಬಳಿ ಗಟ್ಟಿ ಕಾರಣಗಳಿವೆ. ಸುಮ್ಮನೆ ಯಾಕೆ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಎರಡನ್ನೂ ಒಂದೊಂದಾಗಿ ನೋಡಿ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ವೇಗ ಬೆಳೆದ ಬಗೆ

1990ರ ದಶಕದ ಕಂಪ್ಯೂಟರಿನ ಹಿಂಬದಿಯನ್ನು ಕಂಡವರಿಗೆ ಆ ಗೋಜಲು ನೆನಪಿರುತ್ತದೆ. ಕೀಬೋರ್ಡಿಗೆ ಒಂದು ಗುಂಡನೆಯ ಪಿನ್, ಮೌಸಿಗೆ ಇನ್ನೊಂದು, ಮೋಡೆಮ್‌ಗೆ ಸೀರಿಯಲ್ ಪೋರ್ಟ್, ಪ್ರಿಂಟರಿಗೆ ಅಗಲವಾದ ಪ್ಯಾರಲಲ್ ಪೋರ್ಟ್. ಡಿಟಿಪಿ ಕೆಲಸದವರು ಅದೇ ಪ್ರಿಂಟರ್ ಪೋರ್ಟಿಗೆ ಮೊದಲು ತಂತ್ರಾಂಶದ ಹಾರ್ಡ್‌ವೇರ್ ಲಾಕ್ ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರ್ ಕೇಬಲ್ ಹಾಕುತ್ತಿದ್ದರು. ಈ ಪಾಡು ತಪ್ಪಿಸಲು ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಕಾಂಪ್ಯಾಕ್, ಎನ್‌ಇಸಿ ಸೇರಿದಂತೆ ಏಳು ಕಂಪನಿಗಳು ಕೂಡಿ 1996ರ ಜನವರಿಯಲ್ಲಿ ಯುಎಸ್‌ಬಿ 1.0 ಹೊರತಂದವು. ಇಂಟೆಲ್‌ನಲ್ಲಿ ಆ ಕೆಲಸದ ಮುಂಚೂಣಿಯಲ್ಲಿದ್ದವರು ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದ್ದ ಅಜಯ್ ಭಟ್.

ಆಗ ಅದರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ ಬಂದ ಯುಎಸ್‌ಬಿ 2.0 ಅದನ್ನು 480 ಮೆಗಾಬಿಟ್‌ಗೆ ಏರಿಸಿತು. 2008ರಲ್ಲಿ 5 ಗಿಗಾಬಿಟ್, 2013ರಲ್ಲಿ 10, 2017ರಲ್ಲಿ 20, 2019ರ ಯುಎಸ್‌ಬಿ4ರಲ್ಲಿ 40, 2022ರಲ್ಲಿ ಅದರ ಎರಡನೇ ಆವೃತ್ತಿಯಲ್ಲಿ 80. ಮೊದಲಿನ ವೇಗಕ್ಕೆ ಹೋಲಿಸಿದರೆ ಇದು ಆರು ಸಾವಿರ ಪಟ್ಟಿಗೂ ಮಿಗಿಲು. ಇನ್ನೊಂದು ಕಡೆ ಇಂಟೆಲ್ ಮತ್ತು ಆ್ಯಪಲ್ 2011ರಲ್ಲಿ ಥಂಡರ್‌ಬೋಲ್ಟ್ ತಂದವು. 2015ರಲ್ಲಿ ಬಂದ ಅದರ ಮೂರನೇ ಪೀಳಿಗೆ ಟೈಪ್-ಸಿ ಪಿನ್ನಿಗೆ ಬದಲಾಯಿತು. ಆ ತಂತ್ರಜ್ಞಾನವನ್ನು ಇಂಟೆಲ್ ಯುಎಸ್‌ಬಿ ಒಕ್ಕೂಟಕ್ಕೆ ಕೊಟ್ಟ ಮೇಲೆ ಅದರ ತಳಹದಿಯ ಮೇಲೆಯೇ ಯುಎಸ್‌ಬಿ4 ನಿಂತಿತು. ಹೀಗಾಗಿ ಇಂದು ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಪುಟ್ಟ ಅಂಡಾಕಾರದ ಕಿಂಡಿ. ಒಳಗಿನ ಯೋಗ್ಯತೆ ಮಾತ್ರ ಒಂದೊಂದರದು ಒಂದೊಂದು.

ಇರಲಿ ಎನ್ನುವವರ ವಾದ

ಮೊದಲನೆಯ ಕಾರಣ ಆಗಲೇ ಹೇಳಿದ್ದು. ನಮ್ಮಲ್ಲಿ ಲ್ಯಾಪ್‌ಟಾಪನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವವರು ಕಡಿಮೆ. ಅಕ್ಕ ಎಂಜಿನಿಯರಿಂಗ್ ಓದುವಾಗ ಕೊಂಡದ್ದು ತಮ್ಮನ ಪದವಿಗೂ ಆಗುತ್ತದೆ, ಆಮೇಲೆ ಅಪ್ಪನ ಲೆಕ್ಕಪತ್ರಕ್ಕೂ ಬರುತ್ತದೆ. ಐದಾರು ವರ್ಷ ದುಡಿಯಬೇಕಾದ ಯಂತ್ರದಲ್ಲಿ ಆಮೇಲೆ ಸುಧಾರಿಸಲಾಗದ ಭಾಗ ಯಾವುದೋ ಅದನ್ನೇ ಕೊಳ್ಳುವಾಗ ಮೇಲ್ಮಟ್ಟದ್ದು ಆರಿಸಿಕೊಳ್ಳಬೇಕು ಎನ್ನುವುದರಲ್ಲಿ ತರ್ಕವಿದೆ. ಒಳಗಿನ ಎಸ್‌ಎಸ್‌ಡಿ ತುಂಬಿದರೆ ವೇಗದ ಪೋರ್ಟಿಗೆ ಹೊರಗಿನದೊಂದು ಸಿಕ್ಕಿಸಿ ಕೆಲಸ ಸಾಗಿಸಬಹುದು. ಗ್ರಾಫಿಕ್ಸ್ ಸಾಲದಾದರೆ ಥಂಡರ್‌ಬೋಲ್ಟ್ ಇರುವ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೆ ಹೊರಗಿನಿಂದಲೇ ಗ್ರಾಫಿಕ್ಸ್ ಕಾರ್ಡ್ ಜೋಡಿಸಬಹುದು. ಒಳಗೆ ಕೈಯಾಡಿಸಲು ಬಿಡದ ಇಂದಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬೆಳೆಯಲು ಉಳಿದಿರುವ ದಾರಿ ಆ ಕಿಂಡಿಯೊಂದೇ.

ಎರಡನೆಯದು ಸಮಯದ ಲೆಕ್ಕ. ಒಂದು ಮದುವೆಯ ಫೋಟೊ, ವಿಡಿಯೊ ಎಲ್ಲ ಸೇರಿ 500 ಗಿಗಾಬೈಟ್ ಆಯಿತು ಎಂದುಕೊಳ್ಳಿ. ಅದನ್ನು ಒಳ್ಳೆಯ ಎಸ್‌ಎಸ್‌ಡಿಗೆ ನಕಲು ಮಾಡಲು ಯುಎಸ್‌ಬಿ 2.0 ಪೋರ್ಟಿನಲ್ಲಿ ಹೆಚ್ಚುಕಡಿಮೆ ಮೂರೂವರೆ ಗಂಟೆ ಬೇಕು. 5 ಗಿಗಾಬಿಟ್ ಪೋರ್ಟಿನಲ್ಲಿ ಸುಮಾರು 20 ನಿಮಿಷ, 10 ಗಿಗಾಬಿಟ್‌ನಲ್ಲಿ ಎಂಟೊಂಬತ್ತು ನಿಮಿಷ. 40 ಗಿಗಾಬಿಟ್ ಪೋರ್ಟಿಗೆ ಅದಕ್ಕೆ ತಕ್ಕ ಎಸ್‌ಎಸ್‌ಡಿ ಇದ್ದರೆ ಮೂರು ನಿಮಿಷದ ಆಸುಪಾಸು. ಸೀಸನ್‌ನಲ್ಲಿ ವಾರಕ್ಕೆ ಮೂರ್ನಾಲ್ಕು ಮದುವೆ ಒಪ್ಪಿಕೊಳ್ಳುವ ಸ್ಟುಡಿಯೊದವರಿಗೆ, ಒಂದಕ್ಕೆ ಎರಡು ಬ್ಯಾಕಪ್ ಇಟ್ಟುಕೊಳ್ಳಲೇಬೇಕಾದವರಿಗೆ, ಈ ಅಂತರ ನೇರವಾಗಿ ದುಡ್ಡಿನ ಲೆಕ್ಕ.

ಮೂರನೆಯದು ಮೇಜಿನ ಮೇಲಿನ ಅನುಕೂಲ. ಮನೆಯಿಂದ ಅರ್ಧ ವಾರ, ಕಚೇರಿಯಿಂದ ಅರ್ಧ ವಾರ ಕೆಲಸ ಮಾಡುವವರಿಗೆ ಡಾಕ್ ಎಂಬ ಪೆಟ್ಟಿಗೆ ವರವಾಗಿದೆ. ಒಂದೇ ಕೇಬಲ್ ಸಿಕ್ಕಿಸಿದರೆ ಚಾರ್ಜಿಂಗ್, ಎರಡು ಮಾನಿಟರ್, ಲ್ಯಾನ್, ಕೀಬೋರ್ಡ್, ಹಾರ್ಡ್‌ಡಿಸ್ಕ್ ಎಲ್ಲವೂ ಬಂತು. ಆದರೆ 4ಕೆ ಮಾನಿಟರಿನಲ್ಲಿ ಸೆಕೆಂಡಿಗೆ 60 ಬಾರಿ ಚಿತ್ರ ಮೂಡಿಸಲು ಒಂದಕ್ಕೇ ಸುಮಾರು 12 ಗಿಗಾಬಿಟ್ ಬೇಕಾಗುತ್ತದೆ. ಅಂಥ ಎರಡು ಮಾನಿಟರುಗಳ ಜೊತೆಗೆ ಡೇಟಾವನ್ನೂ ಸಾಗಿಸಲು 5 ಅಥವಾ 10 ಗಿಗಾಬಿಟ್‌ನ ಮಾಮೂಲಿ ಟೈಪ್-ಸಿ ಪೋರ್ಟಿಗೆ ಉಸಿರುಕಟ್ಟುತ್ತದೆ. ಥಂಡರ್‌ಬೋಲ್ಟ್ 4 ಎಂದು ಬರೆದಿದ್ದರೆ ಎರಡು 4ಕೆ ಮಾನಿಟರು ನಡೆಯಲೇಬೇಕು, ಅದು ಆ ಹೆಸರಿನ ಕನಿಷ್ಠ ಷರತ್ತು.

ನಾಲ್ಕನೆಯದು ಚಾರ್ಜರ್. ಒಂದೊಂದು ಕಂಪನಿಗೆ ಒಂದೊಂದು ದಪ್ಪದ ಗುಂಡು ಪಿನ್ ಇದ್ದ ಕಾಲದಲ್ಲಿ ಚಾರ್ಜರ್ ಮನೆಯಲ್ಲಿ ಮರೆತವರು ಪಕ್ಕದವರನ್ನು ಕೇಳಿಯೂ ಪ್ರಯೋಜನವಿರುತ್ತಿರಲಿಲ್ಲ. 2021ರಲ್ಲಿ ಪರಿಷ್ಕೃತವಾದ ಯುಎಸ್‌ಬಿ ಪವರ್ ಡೆಲಿವರಿ ನಿಯಮ ಟೈಪ್-ಸಿ ಕೇಬಲಿನಲ್ಲಿ 240 ವಾಟ್‌ವರೆಗೆ ವಿದ್ಯುತ್ ಹರಿಸಲು ದಾರಿ ಮಾಡಿತು. ಮೊದಲು ಅದು 100 ವಾಟ್‌ಗೆ ನಿಂತಿತ್ತು. ಐರೋಪ್ಯ ಒಕ್ಕೂಟ ಮೊಬೈಲ್‌ಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಟೈಪ್-ಸಿ ಚಾರ್ಜಿಂಗ್ ಕಡ್ಡಾಯವೆಂದು ಕಾನೂನು ಮಾಡಿತು. ನಮ್ಮ ಭಾರತೀಯ ಮಾನಕ ಬ್ಯೂರೋ ಕೂಡ 2023ರ ಆರಂಭದಲ್ಲಿ ಟೈಪ್-ಸಿ ಕುರಿತ ಮಾನಕವನ್ನು ಪ್ರಕಟಿಸಿತು. ಹಳೆಯ ಚಾರ್ಜರುಗಳು ಕಸದ ರಾಶಿ ಸೇರುವುದು ತಪ್ಪಬೇಕಾದರೆ ಎಲ್ಲರೂ ಒಂದೇ ಹೊಸ ಶಿಷ್ಟತೆಗೆ ಬರುವುದೇ ದಾರಿ ಎನ್ನುವುದು ಈ ನಿಯಮಗಳ ಹಿಂದಿನ ಆಲೋಚನೆ.

ಐದನೆಯದು ಇವೆಲ್ಲಕ್ಕಿಂತ ಆಳವಾದದ್ದು. ಪೋರ್ಟ್ ಬರದೆ ಉಪಕರಣ ಬರುವುದಿಲ್ಲ, ಉಪಕರಣವಿಲ್ಲದೆ ಪೋರ್ಟ್ ಯಾಕೆಂದು ತಯಾರಕರು ಕೇಳುತ್ತಾರೆ. ಬೀಜ ಮೊದಲೋ ಮರ ಮೊದಲೋ ಎಂಬ ಈ ಬಿಕ್ಕಟ್ಟನ್ನು ಯಾರಾದರೂ ಮುರಿಯಬೇಕು. ಯುಎಸ್‌ಬಿ ಬಂದ ಮೊದಲೆರಡು ವರ್ಷ ಪಿಸಿಗಳಲ್ಲಿ ಆ ಪೋರ್ಟ್ ಇದ್ದರೂ ಅದಕ್ಕೆ ಸಿಕ್ಕಿಸಲು ಹೆಚ್ಚೇನೂ ಇರಲಿಲ್ಲ. 1998ರಲ್ಲಿ ಆ್ಯಪಲ್ ತನ್ನ ಐಮ್ಯಾಕ್‌ನಲ್ಲಿ ಫ್ಲಾಪಿ ಡ್ರೈವನ್ನೂ ಹಳೆಯ ಪೋರ್ಟುಗಳನ್ನೂ ಕಿತ್ತುಹಾಕಿ ಯುಎಸ್‌ಬಿಯನ್ನೇ ನೆಚ್ಚಿಕೊಂಡಿತು. ಬೈದವರು ಬೈದರು. ಆದರೆ ಪ್ರಿಂಟರ್, ಸ್ಕ್ಯಾನರ್ ತಯಾರಕರಿಗೆ ಯುಎಸ್‌ಬಿ ಮಾದರಿ ತರದೆ ಗತ್ಯಂತರವಿಲ್ಲದಂತಾಯಿತು. ಇಂದು ನಾವು ಉಣ್ಣುತ್ತಿರುವುದು ಆ ಹಟದ ಫಲವನ್ನೂ ಹೌದು.

ಯಾಕೆ ಬೇಕು ಎನ್ನುವವರ ವಾದ

ಇನ್ನು ಎದುರು ಪಕ್ಷದ ಮಾತು. ಮೇಲಿನ 500 ಗಿಗಾಬೈಟ್ ಲೆಕ್ಕವನ್ನೇ ಮತ್ತೊಮ್ಮೆ ತೆಗೆದುಕೊಳ್ಳಿ. ನಮ್ಮ ಬಹುಪಾಲು ಸ್ಟುಡಿಯೊಗಳಲ್ಲಿ ಬ್ಯಾಕಪ್ ಆಗುವುದು ದುಬಾರಿ ಎಸ್‌ಎಸ್‌ಡಿಗಲ್ಲ, ತಟ್ಟೆ ತಿರುಗುವ ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ. ಅದರ ವೇಗವೇ ಸೆಕೆಂಡಿಗೆ 100ರಿಂದ 130 ಮೆಗಾಬೈಟ್. ಅದನ್ನು 5 ಗಿಗಾಬಿಟ್ ಪೋರ್ಟಿಗೆ ಹಾಕಿದರೂ 80 ಗಿಗಾಬಿಟ್ ಪೋರ್ಟಿಗೆ ಹಾಕಿದರೂ ಒಂದು ಗಂಟೆಯ ಮೇಲೆ ಕಾಯಲೇಬೇಕು. ಎಂಟು ಪಥದ ಹೆದ್ದಾರಿ ಹಾಕಿಸಿ ಎತ್ತಿನ ಗಾಡಿ ಓಡಿಸಿದಂತೆ. ಕ್ಯಾಮೆರಾದ ಕಡೆಯಿಂದ ನೋಡಿದರೂ ಅಷ್ಟೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಎಚ್‌ಎಸ್-1 ಎಸ್‌ಡಿ ಕಾರ್ಡಿನ ಮಿತಿ ಸೆಕೆಂಡಿಗೆ 104 ಮೆಗಾಬೈಟ್. 128 ಗಿಗಾಬೈಟ್ ಕಾರ್ಡ್ ಖಾಲಿಯಾಗಲು ಪೋರ್ಟ್ ಎಷ್ಟೇ ಹೊಸದಿರಲಿ ಇಪ್ಪತ್ತು ನಿಮಿಷ ದಾಟುತ್ತದೆ. ವೇಗ ಕಟ್ಟಿಹೋಗುವುದು ಲ್ಯಾಪ್‌ಟಾಪಿನಾಚೆ.

ಉಳಿದವರ ಮೇಜನ್ನು ನೋಡಿ. ಮೌಸ್, ಕೀಬೋರ್ಡುಗಳು ಇಂದಿಗೂ ಹೆಚ್ಚಾಗಿ 1996ರಲ್ಲಿ ನಿಗದಿಯಾದ ವೇಗದಲ್ಲೇ ಕೆಲಸ ಮಾಡುತ್ತವೆ, ಅವಕ್ಕೆ ಅದೇ ಧಾರಾಳ. ಗ್ರಾಮ ಒನ್ ಕೇಂದ್ರದ ಬೆರಳಚ್ಚು ಸ್ಕ್ಯಾನರಿಗೆ ಯುಎಸ್‌ಬಿ 2.0 ಸಾಕು. ಸರ್ಕಾರಿ ಟೆಂಡರ್ ಹಾಕುವ ಗುತ್ತಿಗೆದಾರರು, ಕಂಪನಿಗಳ ಲೆಕ್ಕ ಸಲ್ಲಿಸುವ ಲೆಕ್ಕಪರಿಶೋಧಕರು ಡಿಜಿಟಲ್ ಸಹಿಗೆ ಬಳಸುವ ಡಿಎಸ್‌ಸಿ ಟೋಕನ್ ಸಾಗಿಸುವುದು ನಾಲ್ಕಾರು ಕಿಲೋಬೈಟ್ ಮಾಹಿತಿ. ಅದರ ಪಿನ್ ಬಹುತೇಕ ಹಳೆಯ ಚಪ್ಪಟೆ ಟೈಪ್-ಎ. ಇಂಥವರಿಗೆ ಲ್ಯಾಪ್‌ಟಾಪಿನಲ್ಲಿ 80 ಗಿಗಾಬಿಟ್ ಪೋರ್ಟ್ ಕೊಟ್ಟು ಟೈಪ್-ಎ ತೆಗೆದುಹಾಕಿದರೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಟೆಂಡರಿನ ಕೊನೆಯ ಗಳಿಗೆಯಲ್ಲಿ ಅಡಾಪ್ಟರ್ ಹುಡುಕುವವರ ಪಾಡು ಯಾರಿಗೂ ಬೇಡ.

ಖರ್ಚಿನ ವಿಚಾರಕ್ಕೆ ಬಂದರೆ, ವೇಗ ಏರಿದಂತೆಲ್ಲ ಸಂಕೇತ ಮದರ್‌ಬೋರ್ಡಿನ ಮೇಲೆ ಕೆಲವೇ ಅಂಗುಲ ಸಾಗುವಷ್ಟರಲ್ಲಿ ಮಸುಕಾಗುತ್ತದೆ. ಅದನ್ನು ಮತ್ತೆ ತಿದ್ದಿ ಕಳಿಸಲು ರೀಟೈಮರ್ ಎಂಬ ಚಿಪ್ ಪೋರ್ಟಿನ ಪಕ್ಕ ಕೂರಿಸಬೇಕು, ಬೋರ್ಡಿನ ಗುಣಮಟ್ಟವೂ ಏರಬೇಕು. ಥಂಡರ್‌ಬೋಲ್ಟ್ 5ಕ್ಕೆ ಇಂಟೆಲ್ ಪ್ರತ್ಯೇಕ ನಿಯಂತ್ರಕ ಚಿಪ್ಪನ್ನೇ ಮಾಡಿದೆ. ಬಳಕೆದಾರರ ಕಡೆಯಲ್ಲೂ ಖರ್ಚು ತಪ್ಪದು. 40 ಗಿಗಾಬಿಟ್ ವೇಗ ಕೊಡುವ ಮಾಮೂಲಿ ಯುಎಸ್‌ಬಿ4 ಕೇಬಲ್ ಒಂದು ಮೀಟರಿಗಿಂತ ಕಡಿಮೆ ಉದ್ದದ್ದು. ಅದಕ್ಕಿಂತ ಉದ್ದ ಬೇಕಾದರೆ ಒಳಗೆ ಚಿಪ್ ಇರುವ ದುಬಾರಿ ಕೇಬಲ್ಲೇ ಆಗಬೇಕು. ಕಡಿಮೆ ಬೆಲೆಯ ಲ್ಯಾಪ್‌ಟಾಪಿನಲ್ಲಿ ಇದಕ್ಕೆಲ್ಲ ಹಣ ಹಾಕಿದರೆ ತಯಾರಕರು ಬೇರೆಲ್ಲೋ ಕೈಬಿಗಿ ಹಿಡಿಯುತ್ತಾರೆ: ರ‍್ಯಾಮ್‌ನಲ್ಲೋ ಪರದೆಯಲ್ಲೋ ಬ್ಯಾಟರಿಯಲ್ಲೋ. ವಿದ್ಯಾರ್ಥಿಗೆ 8 ಗಿಗಾಬೈಟ್ ರ‍್ಯಾಮ್ ಇದ್ದದ್ದು 16 ಆದರೆ ದಿನದಿನವೂ ಗೊತ್ತಾಗುತ್ತದೆ. ಪೋರ್ಟ್ 10 ಇದ್ದದ್ದು 40 ಆದರೆ ವರ್ಷವಾದರೂ ಗೊತ್ತಾಗದೆ ಹೋಗಬಹುದು.

ಹೊಸದೆಲ್ಲ ಉಳಿಯುತ್ತದೆ ಎಂಬ ಖಾತರಿಯೂ ಇಲ್ಲ. ಒಂದು ಕಾಲದಲ್ಲಿ ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಕ್ಸ್‌ಪ್ರೆಸ್‌ಕಾರ್ಡ್ ಎಂಬ ಉದ್ದನೆಯ ಕಿಂಡಿ ಇರುತ್ತಿತ್ತು, ಭವಿಷ್ಯ ಅದರದೇ ಎಂದಿದ್ದರು. ಇಂದಿನ ಹುಡುಗರು ಅದನ್ನು ಕಂಡೇ ಇಲ್ಲ. ಇನ್ನೂ ಹತ್ತಿರದ ಉದಾಹರಣೆ ಯುಎಸ್‌ಬಿ 3.2 ಜೆನ್ 2x2. 2017ರಲ್ಲಿ 20 ಗಿಗಾಬಿಟ್ ವೇಗದೊಂದಿಗೆ ಬಂದ ಆ ಶಿಷ್ಟತೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೂರುವ ಮೊದಲೇ ಯುಎಸ್‌ಬಿ4 ಬಂತು. ಯುಎಸ್‌ಬಿ4ರ ಮೊದಲ ಆವೃತ್ತಿಯಲ್ಲಿ ಅದಕ್ಕೆ ಬೆಂಬಲ ಕೊಡುವುದು ಐಚ್ಛಿಕವಾಯಿತು. ಫಲವೇನೆಂದರೆ ಆ 20 ಗಿಗಾಬಿಟ್ ಎಸ್‌ಎಸ್‌ಡಿಯನ್ನು 40 ಗಿಗಾಬಿಟ್ ಪೋರ್ಟ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಸಿಕ್ಕಿಸಿದರೆ ಓಡುವುದು 10ರಲ್ಲಿ. ಅಂದು ಹೊಸತನ್ನು ಕಾದು ನೋಡೋಣ ಎಂದ ತಯಾರಕರು ನಷ್ಟವನ್ನೇನೂ ಮಾಡಿಕೊಳ್ಳಲಿಲ್ಲ.

ಹೊಸದರ ಎಳವೆಯ ಕಾಟಗಳೂ ಇವೆ. 2012ರಲ್ಲಿ ಇಂಟೆಲ್ ತಾನೇ ಹೊರತಂದ ಒಂದು ತಾಂತ್ರಿಕ ಬರಹದಲ್ಲಿ, ಯುಎಸ್‌ಬಿ 3.0 ಕೇಬಲ್ ಮತ್ತು ಉಪಕರಣಗಳಿಂದ ಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವಲಯದ ವೈರ್‌ಲೆಸ್ ಮೌಸಿಗೆ ತೊಂದರೆ ಕೊಡುತ್ತದೆಂದು ತೋರಿಸಿತು. 2015ರಲ್ಲಿ ಬಂದ ಸ್ಕೈಲೇಕ್ ಪೀಳಿಗೆಯ ಪ್ರೊಸೆಸರುಗಳಲ್ಲಿ ಹಳೆಯ ಯುಎಸ್‌ಬಿ ನಿಯಂತ್ರಕವನ್ನು ಇಂಟೆಲ್ ಕೈಬಿಟ್ಟಿತು. ವಿಂಡೋಸ್ 7ಕ್ಕೆ ಯುಎಸ್‌ಬಿ 3.0 ಡ್ರೈವರ್ ಸ್ವಂತದ್ದಿರಲಿಲ್ಲ. ಹೊಚ್ಚ ಹೊಸ ಯಂತ್ರದಲ್ಲಿ ವಿಂಡೋಸ್ 7 ಹಾಕಲು ಕೂತರೆ ಮೊದಲ ಪರದೆಯಲ್ಲೇ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಅಲುಗಾಡುತ್ತಿರಲಿಲ್ಲ. ಟೈಪ್-ಸಿಯ ಆರಂಭದ ದಿನಗಳಲ್ಲಿ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲಿಯುಂಗ್ ಮಾರುಕಟ್ಟೆಯ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸುತ್ತಿದ್ದರು. 56 ಕಿಲೋ ಓಮ್ ಪ್ರತಿರೋಧಕ ಇರಬೇಕಾದ ಕಡೆ 10 ಕಿಲೋ ಓಮ್‌ನದನ್ನು ಹಾಕಿದ ಕೇಬಲ್‌ಗಳು ಎಷ್ಟೋ ಸಿಕ್ಕವು. ತಂತಿಗಳನ್ನೇ ಅದಲುಬದಲು ಬೆಸೆದಿದ್ದ ಒಂದು ಕೇಬಲ್ 2016ರಲ್ಲಿ ಅವರ ಲ್ಯಾಪ್‌ಟಾಪನ್ನೇ ಹಾಳುಮಾಡಿತು.

ಭದ್ರತೆಯ ಮಾತು ಬೇರೆ. ಥಂಡರ್‌ಬೋಲ್ಟ್ ವೇಗವಾಗಿರುವುದಕ್ಕೆ ಒಂದು ಕಾರಣ, ಸಿಕ್ಕಿಸಿದ ಉಪಕರಣಕ್ಕೆ ಕಂಪ್ಯೂಟರಿನ ಮೆಮೊರಿಯನ್ನು ನೇರವಾಗಿ ಮುಟ್ಟುವ ಅವಕಾಶ ಕೊಡುವುದು. ಕಿಡಿಗೇಡಿ ಉಪಕರಣಕ್ಕೂ ಅದೇ ಅವಕಾಶ ಸಿಕ್ಕರೆ? ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವೆನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2020ರಲ್ಲಿ ಥಂಡರ್‌ಸ್ಪೈ ಎಂಬ ದಾಳಿಯನ್ನು ತೋರಿಸಿದರು. ಲ್ಯಾಪ್‌ಟಾಪ್ ಕೆಲವೇ ನಿಮಿಷ ಒಂಟಿಯಾಗಿ ಕೈಗೆ ಸಿಕ್ಕರೆ ಲಾಕ್ ಆಗಿದ್ದರೂ ಒಳಗೆ ನುಗ್ಗಬಹುದಿತ್ತು. ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಯಂತ್ರಗಳಿಗೆ 2021ರವರೆಗೂ ಥಂಡರ್‌ಬೋಲ್ಟ್ ಹಾಕಿರಲಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ಇಂಥ ಮೆಮೊರಿ ದಾಳಿಯಿಂದ ರಕ್ಷಣೆ ಥಂಡರ್‌ಬೋಲ್ಟ್ 4ರಲ್ಲಿ ಕಡ್ಡಾಯವಾಯಿತು. ಹೊಸ ಬಾಗಿಲು ತಂದ ಅಪಾಯಕ್ಕೆ ಅದರ ಮುಂದಿನ ಪೀಳಿಗೆಯೇ ಚಿಲಕ ತಂದಿತು.

ಎರಡೂ ಕಡೆಯವರು ಹೇಳುವ ಒಂದೇ ಕಥೆ

ಈ ವಾದದಲ್ಲಿ ಎರಡೂ ಪಕ್ಷದವರು ತಮ್ಮದೆಂದು ಎತ್ತಿಕೊಳ್ಳುವ ಪ್ರಸಂಗವೊಂದಿದೆ. 2008ರ ಅಕ್ಟೋಬರಿನಲ್ಲಿ ಆ್ಯಪಲ್ ಅಲ್ಯೂಮಿನಿಯಂ ಮೈಯ ಹೊಸ ಮ್ಯಾಕ್‌ಬುಕ್ ತಂದಾಗ ಅದರಲ್ಲಿ ಫೈರ್‌ವೈರ್ ಪೋರ್ಟ್ ಇರಲಿಲ್ಲ. ಫೈರ್‌ವೈರ್ ಆ್ಯಪಲ್ಲೇ ಸಾಕಿ ಬೆಳೆಸಿದ ಶಿಷ್ಟತೆ. ಟೇಪ್ ಹಾಕುವ ಮಿನಿ ಡಿವಿ ಕ್ಯಾಮೆರಾಗಳಿಂದ ವಿಡಿಯೊ ಇಳಿಸಲು ಅದೇ ಬೇಕಿತ್ತು. ಅಂದಿನ ನಮ್ಮ ಮದುವೆ ವಿಡಿಯೊದವರೂ ಅದೇ ಕೇಬಲ್ ಹಿಡಿದು ಕ್ಯಾಪ್ಚರ್ ಮಾಡುತ್ತಾ ಕೂರುತ್ತಿದ್ದರು. ಬಳಕೆದಾರರು ಗಲಾಟೆ ಎಬ್ಬಿಸಿದರು. 2009ರ ಜೂನ್‌ನಲ್ಲಿ ಅದೇ 13 ಅಂಗುಲದ ಯಂತ್ರ ಮ್ಯಾಕ್‌ಬುಕ್ ಪ್ರೊ ಎಂಬ ಹೆಸರಿನೊಂದಿಗೆ, ಫೈರ್‌ವೈರ್ 800 ಪೋರ್ಟಿನೊಂದಿಗೆ ಮರಳಿ ಬಂತು.

ನೋಡಿ, ವೇಗದ ಪೋರ್ಟ್ ಕಿತ್ತರೆ ಜನ ಒಪ್ಪುವುದಿಲ್ಲ ಎನ್ನುತ್ತಾರೆ ಮೊದಲ ಪಕ್ಷದವರು. ಎರಡನೆಯವರ ಉತ್ತರವೂ ಸಿದ್ಧವಿದೆ: ಮರಳಿ ಬಂದ ಫೈರ್‌ವೈರ್ ಉಳಿಯಿತೆ? ಯುಎಸ್‌ಬಿ 2.0ಗಿಂತ ಅದು ನಿಜಬಳಕೆಯಲ್ಲಿ ಚುರುಕಾಗಿತ್ತು, ಆದರೆ ಅದರ ಚಿಪ್ ದುಬಾರಿ, ಆರಂಭದಲ್ಲಿ ಪೋರ್ಟಿಗೆ ಒಂದು ಡಾಲರಿನಂತೆ ರಾಯಧನವನ್ನೂ ಕೇಳಲಾಗಿತ್ತು. ಅಗ್ಗದ ಯುಎಸ್‌ಬಿ ಎಲ್ಲೆಡೆ ಹರಡಿತು, ಉತ್ತಮವಾದದ್ದು ಮೂಲೆಗುಂಪಾಯಿತು. ನನಗೆ ಈ ಕಥೆಯಿಂದ ಕಾಣುವುದು ಬೇರೆಯೇ. ಅಂದು ಗಲಾಟೆ ಮಾಡಿದವರು ಅತಿ ಹೊಸದು ಬೇಕೆಂದು ಕೇಳಿರಲಿಲ್ಲ. ಅವರ ಕೈಯಲ್ಲಿದ್ದ ಕ್ಯಾಮೆರಾ, ಹಾರ್ಡ್‌ಡಿಸ್ಕುಗಳು ಹೊಸ ಲ್ಯಾಪ್‌ಟಾಪಿನೊಂದಿಗೆ ನಡೆಯಲಿ ಎಂದಷ್ಟೇ ಕೇಳಿದ್ದರು.

2016ರ ಮ್ಯಾಕ್‌ಬುಕ್ ಪ್ರೊ ಇದನ್ನೇ ಮತ್ತೊಮ್ಮೆ ತೋರಿಸಿತು. ಎಚ್‌ಡಿಎಂಐ, ಎಸ್‌ಡಿ ಕಾರ್ಡ್ ಕಿಂಡಿ, ಟೈಪ್-ಎ ಎಲ್ಲವನ್ನೂ ತೆಗೆದು, ಹೆಡ್‌ಫೋನ್ ಪಿನ್ನೊಂದನ್ನು ಉಳಿಸಿ, ಬರೀ ಥಂಡರ್‌ಬೋಲ್ಟ್ 3 ಪೋರ್ಟುಗಳನ್ನಿಟ್ಟರು. ತಂತ್ರಜ್ಞಾನದಲ್ಲಿ ಅದು ಅಂದಿನ ತುತ್ತತುದಿ. ಬಳಕೆಯಲ್ಲಿ ಮಾತ್ರ ಚೀಲದ ತುಂಬ ಅಡಾಪ್ಟರ್. ದೂರು ಎಷ್ಟಾಯಿತೆಂದರೆ ಕೆಲವೇ ದಿನಗಳಲ್ಲಿ ಆ್ಯಪಲ್ ತನ್ನ ಅಡಾಪ್ಟರುಗಳ ಬೆಲೆಯನ್ನು ತಾತ್ಕಾಲಿಕವಾಗಿ ಇಳಿಸಬೇಕಾಯಿತು. 2021ರಲ್ಲಿ ಎಚ್‌ಡಿಎಂಐ, ಎಸ್‌ಡಿ ಕಾರ್ಡ್, ಮ್ಯಾಗ್ನೆಟ್ ಚಾರ್ಜರ್ ಮೂರೂ ವಾಪಸ್ ಬಂದವು, ಥಂಡರ್‌ಬೋಲ್ಟ್ 4 ಪೋರ್ಟುಗಳ ಪಕ್ಕದಲ್ಲೇ. ಹೊಸದು ಹಳೆಯದು ಒಟ್ಟಿಗೆ ಬಾಳಬಹುದು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದಕ್ಕೂ ಎಷ್ಟೋ ಮೊದಲೇ, 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ ಮೊದಲಾದ ಕಂಪನಿಗಳು ವಿಜಿಎ ಪೋರ್ಟನ್ನು 2015ರ ಹೊತ್ತಿಗೆ ಕೈಬಿಡುವುದಾಗಿ ಸಾರಿದ್ದವು. ಆದರೆ ನಮ್ಮ ಕಾಲೇಜುಗಳ ಸೂರಿನಲ್ಲಿ ತೂಗುವ ಪ್ರೊಜೆಕ್ಟರುಗಳಲ್ಲಿ ಆ ನೀಲಿ ಪಿನ್ನಿನದೇ ಇನ್ನೂ ಎಷ್ಟೋ ಉಳಿದಿವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ವಿಜಿಎ ಅಡಾಪ್ಟರಿಗೆ ಇನ್ನೂ ಗಿರಾಕಿ ಉಂಟು.

ನಿಜವಾದ ತಕರಾರು ಎಲ್ಲಿದೆ

ಎರಡೂ ವಾದಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಅನ್ನಿಸುವುದಿಷ್ಟು: ಹೊಸತು ಬೇಕೋ ಬೇಡವೋ ಎನ್ನುವುದಕ್ಕಿಂತ, ಕೊಟ್ಟದ್ದು ಏನೆಂದು ಕೊಳ್ಳುವವರಿಗೆ ತಿಳಿಯುತ್ತಿಲ್ಲ ಎನ್ನುವುದೇ ದೊಡ್ಡ ದೋಷ. ಟೈಪ್-ಸಿ ಎನ್ನುವುದು ಕಿಂಡಿಯ ಆಕಾರವಷ್ಟೆ, ವೇಗವಲ್ಲ. 2023ರ ಐಫೋನ್ 15ನ್ನೇ ನೋಡಿ. ಟೈಪ್-ಸಿ ಬಂತೆಂದು ಸಂಭ್ರಮಿಸಿದವರಿಗೆ ಸಿಕ್ಕಿದ್ದು 2000ದ ಯುಎಸ್‌ಬಿ 2.0 ವೇಗ. 10 ಗಿಗಾಬಿಟ್ ಪ್ರೊ ಮಾದರಿಗೆ ಮಾತ್ರ ಮೀಸಲು. ಲ್ಯಾಪ್‌ಟಾಪ್‌ಗಳಲ್ಲೂ ಇದೇ ಕಥೆ. ಒಂದೇ ಯಂತ್ರದ ಎರಡು ಟೈಪ್-ಸಿ ಕಿಂಡಿಗಳಲ್ಲಿ ಒಂದರಿಂದ ಚಾರ್ಜ್ ಆಗುತ್ತದೆ, ಮಾನಿಟರ್ ನಡೆಯುತ್ತದೆ. ಇನ್ನೊಂದರಿಂದ ಎರಡೂ ಇಲ್ಲ. ಹೊರಗಿನಿಂದ ನೋಡಿ ಹೇಳಲಾಗದು.

ಹೆಸರುಗಳ ಗೊಂದಲ ಇದಕ್ಕೆ ಇನ್ನಷ್ಟು ಕಲಸುಮೇಲೋಗರ ಸೇರಿಸಿತು. 2008ರಲ್ಲಿ ಯುಎಸ್‌ಬಿ 3.0 ಆಗಿದ್ದದ್ದೇ ಆಮೇಲೆ 3.1 ಜೆನ್ 1, ಅದಾದ ಮೇಲೆ 3.2 ಜೆನ್ 1 ಆಯಿತು. ವೇಗ ಮಾತ್ರ ಅದೇ 5 ಗಿಗಾಬಿಟ್. ಜಾಹೀರಾತಿನಲ್ಲಿ 3.2 ಎಂದು ಕಂಡು ಹೊಸದೆಂದು ನಂಬಿದವರು 2008ರ ವೇಗವನ್ನೇ ಮನೆಗೆ ತಂದರು. 2022ರಲ್ಲಿ ಯುಎಸ್‌ಬಿ ಒಕ್ಕೂಟಕ್ಕೂ ಇದು ಮನವರಿಕೆಯಾಗಿ, ಆವೃತ್ತಿಯ ಸಂಖ್ಯೆ ಬಿಟ್ಟು 20 ಜಿಬಿಪಿಎಸ್, 40 ಜಿಬಿಪಿಎಸ್, 240 ವಾಟ್ ಎಂದು ನೇರವಾಗಿ ಬರೆಯುವ ಲಾಂಛನಗಳನ್ನು ತಂದಿತು. 2025ರಲ್ಲಿ ಮೈಕ್ರೋಸಾಫ್ಟ್ ಇನ್ನೊಂದು ಹೆಜ್ಜೆ ಇಟ್ಟಿತು: ತನ್ನ ಪ್ರಮಾಣಪತ್ರ ಬೇಕಾದ ವಿಂಡೋಸ್ 11 ಲ್ಯಾಪ್‌ಟಾಪಿನ ಪ್ರತಿ ಟೈಪ್-ಸಿ ಪೋರ್ಟಿನಲ್ಲೂ ಡೇಟಾ, ಚಾರ್ಜಿಂಗ್, ಒಂದು ಮಾನಿಟರ್ ಈ ಮೂರೂ ನಡೆಯಲೇಬೇಕು. ಅತಿ ಹೊಸ ವೇಗವನ್ನು ಹೇರದೆ ಕನಿಷ್ಠ ಯೋಗ್ಯತೆಯನ್ನು ಹೇರಿದ ಈ ನಿಯಮ ಅತ್ತಲೂ ಇತ್ತಲೂ ವಾಲದ ಜಾಣತನದ್ದು.

ಬೇರೊಂದು ದಾರಿಯನ್ನು ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2021ರಿಂದ ಮಾಡಿ ತೋರಿಸುತ್ತಿದೆ. ಅದರ ಲ್ಯಾಪ್‌ಟಾಪಿನ ಎರಡು ಪಕ್ಕದಲ್ಲೂ ಚಿಕ್ಕ ಚೌಕದ ಗೂಡುಗಳಿವೆ. ಎಚ್‌ಡಿಎಂಐ, ಟೈಪ್-ಎ, ಕಾರ್ಡ್ ರೀಡರ್, ಯಾವುದು ಬೇಕೋ ಆ ಪುಟ್ಟ ಘಟಕವನ್ನು ಬಳಕೆದಾರರೇ ಬೆರಳಿನಲ್ಲಿ ತಳ್ಳಿ ಕೂರಿಸಬಹುದು. ಮದರ್‌ಬೋರ್ಡ್ ಹಳತಾದರೆ ಅದೊಂದನ್ನೇ ಕೊಂಡು ಬದಲಿಸಿದರೆ ಪೋರ್ಟಿನ ಪೀಳಿಗೆಯೂ ಬದಲಾಗುತ್ತದೆ. ಈ ಜಾಡು ಹಿಡಿದ ಕಂಪನಿಗಳು ಬೆರಳೆಣಿಕೆಯಷ್ಟೂ ಇಲ್ಲ. ಆದರೂ ಪೋರ್ಟ್ ಬದಲಿಸಲು ಬರುವುದೇ ಇಲ್ಲ ಎಂಬ ಮಾತು ತಂತ್ರಜ್ಞಾನದ ಮಿತಿಗಿಂತ ತಯಾರಕರ ಆಯ್ಕೆ ಎನ್ನುವುದು ಇದರಿಂದ ತಿಳಿಯುತ್ತದೆ.

ತೀರ್ಮಾನ

ಹಾಗಾದರೆ ಕೊನೆಗೆ ಏನು? ಪ್ರತಿ ಲ್ಯಾಪ್‌ಟಾಪಿನಲ್ಲೂ ಅತಿ ಹೊಸ ಶಿಷ್ಟತೆಯೇ ಇರಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಥಂಡರ್‌ಬೋಲ್ಟ್ 5 ಇಂದು ನಿಜವಾಗಿ ಬೇಕಾಗಿರುವುದು ದೊಡ್ಡ ವಿಡಿಯೊ ಕಡತಗಳನ್ನು ಹೊರಗಿನ ಎಸ್‌ಎಸ್‌ಡಿಯಿಂದಲೇ ಸಂಕಲಿಸುವವರಿಗೆ, ಹಲವು ದೊಡ್ಡ ಮಾನಿಟರ್ ನಡೆಸುವವರಿಗೆ. ಅಂಥ ಯಂತ್ರಗಳಲ್ಲಿ ಅದು ಬರುತ್ತಲೂ ಇದೆ. ಅದರ ಖರ್ಚನ್ನು ವಿದ್ಯಾರ್ಥಿಯ, ಗುಮಾಸ್ತರ ಲ್ಯಾಪ್‌ಟಾಪಿನ ಮೇಲೆ ಹೇರಲು ಕಾರಣವಿಲ್ಲ.

ಆದರೆ ಇದನ್ನೇ ನೆಪ ಮಾಡಿಕೊಂಡು ಎಷ್ಟೋ ಹಿಂದಿನ ವೇಗವನ್ನು ಹೊಸ ಡಬ್ಬಿಯಲ್ಲಿಟ್ಟು ಮಾರುವುದನ್ನೂ ಒಪ್ಪಲಾಗದು. ಥಂಡರ್‌ಬೋಲ್ಟ್ 4ರ ಸಾಮರ್ಥ್ಯ 2020ರಿಂದ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರುಗಳ ಒಳಗೇ ಬರುತ್ತಿದೆ, 2022ರ ರೈಜೆನ್ 6000 ಸರಣಿಯಿಂದ ಎಎಂಡಿಯಲ್ಲೂ ಯುಎಸ್‌ಬಿ4 ಬಂದಿದೆ. ಪ್ರೊಸೆಸರಿನೊಳಗೆ ಇರುವುದನ್ನು ಪೋರ್ಟಿನವರೆಗೆ ತರದೆ ಉಳಿತಾಯ ಮಾಡುವುದು ಮಧ್ಯಮ ಬೆಲೆಯ ಯಂತ್ರಗಳಲ್ಲಾದರೂ ನಿಲ್ಲಬೇಕು. ಅಲ್ಲಿ ಕನಿಷ್ಠ ಒಂದು 40 ಗಿಗಾಬಿಟ್ ಪೋರ್ಟ್ ಇರಲಿ. ಅಗ್ಗದ ಯಂತ್ರದಲ್ಲಿ 10 ಗಿಗಾಬಿಟ್‌ನ, ಚಾರ್ಜ್ ಆಗುವ, ಮಾನಿಟರ್ ನಡೆಸುವ ಒಂದು ಟೈಪ್-ಸಿ ಇದ್ದರೆ ಸಾಕು. ಎಲ್ಲ ದರ್ಜೆಯಲ್ಲೂ ಒಂದೆರಡು ಟೈಪ್-ಎ ಮತ್ತು ಒಂದು ಎಚ್‌ಡಿಎಂಐ ಇನ್ನೂ ಕೆಲವು ವರ್ಷ ಉಳಿಯಲಿ. ಪ್ರತಿ ಕಿಂಡಿಯ ಪಕ್ಕದಲ್ಲೂ ಅದರ ವೇಗ ಎಷ್ಟು, ಎಷ್ಟು ವಾಟ್ ಎನ್ನುವುದನ್ನು ಅಚ್ಚು ಹಾಕಲಿ. ಇದಕ್ಕೆ ತಗಲುವ ಖರ್ಚು ಇಲ್ಲವೆಂದೇ ಹೇಳಬಹುದು.

ತಯಾರಕರು ಬದಲಾಗುವ ತನಕ ಕೊಳ್ಳುವವರೇ ಎಚ್ಚರ ವಹಿಸಬೇಕು. ಅಂಗಡಿಗೆ ಹೋದಾಗ ರ‍್ಯಾಮ್, ಎಸ್‌ಎಸ್‌ಡಿ ಜೊತೆಗೆ ಮೂರು ಪ್ರಶ್ನೆ ಕೇಳಿ: ಪ್ರತಿ ಟೈಪ್-ಸಿ ಪೋರ್ಟಿನ ವೇಗ ಎಷ್ಟು ಗಿಗಾಬಿಟ್? ಯಾವ ಪೋರ್ಟಿನಿಂದ ಚಾರ್ಜ್ ಆಗುತ್ತದೆ, ಯಾವುದರಿಂದ ಮಾನಿಟರ್ ನಡೆಯುತ್ತದೆ? ನಮ್ಮ ಮನೆಯಲ್ಲಿರುವ ಪೆನ್‌ಡ್ರೈವ್, ಪ್ರಿಂಟರ್, ಟೋಕನ್‌ಗಳಿಗೆ ಅಡಾಪ್ಟರ್ ಬೇಕೆ? ಉತ್ತರ ಗೊತ್ತಿಲ್ಲವೆಂದರೆ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ವಿವರಪಟ್ಟಿ ತೆಗೆದು ತೋರಿಸಲು ಹೇಳಿ, ನೋಡಿದ ಮೇಲೆಯೇ ದುಡ್ಡು ಕೊಡಿ.